ಆ ನಾಲ್ಕು ಮಾಣಿಯಂಗಳ ಅಬ್ಬೆಕ್ಕೊ

ಓ ಮೊನ್ನೆ ಮಧ್ಯಾನ್ನ ಮೇಲೆ ಅತ್ತೆಯುದೇ ಆನುದೇ ಜೆಗುಲಿಲಿ ಕೂದೊಂಡು ಹಪ್ಪಳಕ್ಕೆ ಹಲಸಿನಕಾಯಿ ಸೊಳೆ ತೆಗಕ್ಕೊಂಡಿತ್ತಿದ್ದೆಯೊ°. ಆನು ಮೊಬೈಲಿಲಿ ಬೀಟಲ್ಸ್‌ನವರ ಪದ ಹಾಕಿತ್ತಿದ್ದೆ. ಕೈ ಪೂರಾ ಮೇಣ, ಎಣ್ಣೆ. ಮೊಬೈಲು ಮುಟ್ಲೆ ಎಡಿತ್ತಿಲ್ಲೆ. ಹಾಂಗಾಗಿ ಒಂದು ಮುಗುದಪ್ಪಗ ಇನ್ನೊಂದು, ಅದರಷ್ಟಕ್ಕೆ ಬಂದುಗೊಂಡೇ ಇದ್ದತ್ತು.

ಅತ್ತೆಗೆ ಇಂಗ್ಲಿಷ್ ಬತ್ತಿಲ್ಲೆ. ಸುಮಾರು ಹೊತ್ತು ಮಾತಾಡದ್ದೆ ಕೇಳಿದವು. ಮತ್ತೆ ಮೆಲ್ಲಂಗೆ, "ಕೂಸೇ, ಈ ಮಾಣಿಯಂಗಳ ಅಬ್ಬೆಕ್ಕೊ ಆರು?" ಹೇಳಿ ಕೇಳಿದವು.

ಎನಗೆ ನೆಗೆ ಬಂತು. ನಮ್ಮಲ್ಲಿ ಆರ ಸುದ್ದಿ ಬಂದರೂ ಮದಲು ಕೇಳುದು ಅದನ್ನೇ ಅಲ್ಲದಾ? ಏವ ಮನೆ, ಆರ ಮಗ°, ಅಬ್ಬೆಯ ಅಪ್ಪನ ಮನೆ ಎಲ್ಲಿ ಹೇಳಿ. ಆದರೆ ಉತ್ತರ ಹೇಳ್ಲೆ ಹೆರಟಪ್ಪಗ ನೆಗೆ ಅಲ್ಲಿಗೇ ನಿಂದತ್ತು. ಮೂವತ್ತು ವರ್ಷಂದ ಈ ಪದಂಗಳ ಕೇಳ್ತಾ ಇದ್ದೆ. ಏವ ಪದ ಏವ ವರ್ಷ, ಮೇನೇಜರ ಆರು, ರೆಕಾರ್ಡು ಮಾಡಿದ್ದು ಎಲ್ಲಿ, ಎಲ್ಲ ಗೊಂತಿದ್ದು. ಅಬ್ಬೆಕ್ಕಳ ಹೆಸರು ಮಾಂತ್ರ ಎರಡೇ ಗೊಂತಿಪ್ಪದು! ಆ ಇರುಳು ಮನೆಲಿಪ್ಪ ಪುಸ್ತಕಂಗಳ ಪುನಃ ತೆಗದು ಕೂದೆ. ಈ ಸರ್ತಿ ಅಬ್ಬೆಕ್ಕಳ ಮಾಂತ್ರ ಹುಡ್ಕಿಗೊಂಡು. ಸಿಕ್ಕಿದ್ದರ ನಿಂಗೊಗೂ ಹೇಳುವ° ಹೇಳಿ ಕಂಡತ್ತು.

ಗೊಂತಿಲ್ಲದ್ದವಕ್ಕೆ ರಜಾ ಹೇಳ್ತೆ. ಬೀಟಲ್ಸ್ ಹೇಳಿರೆ ಇಂಗ್ಲೆಂಡಿನ ಲಿವರ್‌ಪೂಲ್ ಹೇಳ್ತ ಬಂದರು ಪೇಟೆಯ ನಾಲ್ಕು ಜೆನ. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್. ನಾಲ್ಕು ಜೆನವೂ 1940ರಿಂದ 1943ರ ಒಳ, ಯುದ್ಧದ ಸಮಯಲ್ಲಿ ಹುಟ್ಟಿದವು. ನಾಲ್ಕು ಜೆನರ ಸುರುವಾಣ ರೆಕಾರ್ಡು ಬಂದದು 1962ಲ್ಲಿ, ಬೇರೆ ಬೇರೆ ಆದ್ದು 1970ಲ್ಲಿ. ಎಂಟೇ ವರ್ಷ. ನಮ್ಮಲ್ಲಿ ಅಡಕ್ಕೆ ಸೆಸಿ ನೆಟ್ಟು ಸರೀ ಫಸಲು ಕಾಂಬಲೆ ಹಿಡಿವಷ್ಟು ಸಮಯ. ರಾಕ್ ಬ್ಯಾಂಡ್ ಹೇಳಿದ ಕೂಡ್ಲೆ ಬರೇ ಬೊಬ್ಬೆ ಹೇಳಿ ಗ್ರೇಶೆಡಿ. ಬೊಬ್ಬೆದೂ ಇದ್ದು, ಇಲ್ಲೆ ಹೇಳ್ತಿಲ್ಲೆ. ಆನು ಇಲ್ಲಿ ಹೇಳುದು ಬೊಬ್ಬೆ ಇಲ್ಲದ್ದ ಪದಂಗಳ ಬಗ್ಗೆ.

ಸುರುವಿಂಗೆ ಮೇರಿಯ ಸುದ್ದಿ ಹೇಳ್ತೆ. ಮೇರಿ ಹೇಳಿರೆ ಪಾಲ್‌ನ ಅಬ್ಬೆ.

ಮೇರಿ ನರ್ಸು, ಹೆರಿಗೆ ಮಾಡುಸುವ ಕೆಲಸ. ಆರ ಮನೆಲಿ ಬೇನೆ ಸುರುವಾದರೂ, ಇರುಳಾದರೂ ಚಳಿ ಆದರೂ, ಸೈಕಲು ತೆಕ್ಕೊಂಡು ಹೋಗಿಗೊಂಡಿದ್ದತ್ತು. ಗೆಂಡ° ಜಿಮ್ ಹತ್ತಿ ವ್ಯಾಪಾರದ ಕಂಪೆನಿಲಿ ಸೇಲ್ಸ್‌ಮೇನ್. ಅವಂಗೆ ಸಂಗೀತದ ಮರ್ಲು, ಮನೆಲಿ ಪಿಯಾನೊ ಇದ್ದತ್ತು, ಮದಲು ಅವಂದೇ ಒಂದು ಸಣ್ಣ ಬ್ಯಾಂಡುದೇ ಇದ್ದತ್ತು. ಆದರೆ ಮನೆಗೆ ಹೆಚ್ಚಿಗೆ ಸಂಬಳ ತಂದುಗೊಂಡಿದ್ದದು ಮೇರಿ. 1955ಲ್ಲಿ ಫೋರ್ತ್‌ಲಿನ್ ರೋಡಿನ ಸರಕಾರಿ ಮನೆಗೆ ಬಂದವು. ಸಣ್ಣದಾದರೂ ಒಪ್ಪ ಮನೆ, ಮಕ್ಕೊ ಎರಡು. ಒಂದು ವರ್ಷ ಕಳಿವ ಮದಲೇ ಮೇರಿಗೆ ಎದೆಲಿ ಬೇನೆ ಸುರುವಾತು.

ನರ್ಸು ಅಲ್ಲದಾ, ಎಂತ ಹೇಳಿ ಗೊಂತಾಗದ್ದೆ ಇಕ್ಕೋ? ಆದರೂ ಪ್ರಾಯದ ತೊಂದರೆ ಆಯಿಕ್ಕು ಹೇಳಿ, ಹೊಟ್ಟೆಉರಿಯ ಹೊಡಿ ಕುಡ್ಕೊಂಡು ದಿನ ದೂಡಿತ್ತಡ. ಅಖೇರಿಗೆ ಆಪರೇಶನ್ ಮಾಡೆಕ್ಕು ಹೇಳಿ ಅಪ್ಪಗ ಹೊತ್ತು ಮೀರಿತ್ತು. ಆಸ್ಪತ್ರೆಗೆ ಹೆರಡುವ ಮದಲು ಮನೆ ಪೂರಾ ಉಡುಗಿ ಉದ್ದಿ ಮಾಡಿ, ಮಕ್ಕೊ ಮರುದಿನ ಶಾಲಗೆ ಹಾಕೆಕ್ಕಾದ ವಸ್ತ್ರ ಪೂರಾ ತೆಗದು ಮಡುಗಿ ಹೋಯಿದಡ. ಆನು ಹಿಂದೆ ಬಾರದ್ದರೆ ಮಕ್ಕೊಗೆ ಕಷ್ಟ ಅಪ್ಪಲಾಗ ಹೇಳಿ. 1956 ಅಕ್ಟೋಬರ 31ಕ್ಕೆ ತೀರಿಹೋತು. ಪಾಲ್‌ಗೆ 14 ವರ್ಷ, ತಮ್ಮ° ಮೈಕಲ್‌ಗೆ 12.

ಸುದ್ದಿ ಕೇಳಿದ ಕೂಡ್ಲೆ ಪಾಲ್‌ನ ಬಾಯಿಂದ ಬಂದ ಮಾತು, ಅಬ್ಬೆಯ ಪೈಸೆ ಇಲ್ಲದ್ದೆ ಇನ್ನು ಮನೆ ಹೇಂಗೆ ನಡೆತ್ತು ಹೇಳಿ. ಆ ಮಾತು ಎಂತಕೆ ಬಂತು ಹೇಳಿ ಮತ್ತೆ ಎಷ್ಟೋ ವರ್ಷ ಅವ° ಮನಸ್ಸಿಲಿ ಕೊರಗಿದ್ದ°. ಓದುವಗ ಎನಗೆ ಕೋಪ ಬಯಿಂದಿಲ್ಲೆ. ದೊಡ್ಡ ಬೇನೆ ಬಪ್ಪಗ ಮಕ್ಕೊ ಹಾಂಗೇ, ಕೈಗೆ ಸಿಕ್ಕಿದ ಸಣ್ಣ ಚಿಂತೆಯ ಹಿಡ್ಕೊಳ್ತವು.

ಮತ್ತೆ ಮನೆ ನಡದ್ದು ಅತ್ತೆಕ್ಕಳಿಂದ. ಜಿಮ್‌ನ ತಂಗೆಕ್ಕೊ ಜಿನ್, ಮಿಲಿ ಹೇಳಿ. ಬಂದು ಅಡಿಗೆ ಮಾಡಿ, ಮನೆ ಉಡುಗಿ, ಮಕ್ಕಳ ನೋಡಿ ಹೋಗಿಗೊಂಡಿತ್ತಿದ್ದವು. ನಮ್ಮಲ್ಲಿ ಸೋದರತ್ತೆಕ್ಕೊ ಮಾಡುದೇ ಅಲ್ಲದಾ? ಆ ಜಿನ್ ಅತ್ತೆಯ ಹೆಸರು ಮತ್ತೆ ಪಾಲ್‌ನ ಒಂದು ಪದಲ್ಲಿಯೂ ಬತ್ತು.

ಅಪ್ಪ° ಕೊಡುಸಿದ ಟ್ರಂಪೆಟ್ಟಿನ ಅಂಗಡಿಲಿ ಕೊಟ್ಟು ಪಾಲ್ ಗಿಟಾರು ತೆಕ್ಕೊಂಡದು ಅದೇ ಸಮಯಲ್ಲಿ. ಅವ° ಎಡತ್ತು ಕೈಯವ°, ಹಾಂಗಾಗಿ ತಂತಿಗಳ ತಿರುಗಿಸಿ ಹಾಕಿಗೊಂಡು ಕಲಿಯೆಕ್ಕಾತು. ಅಬ್ಬೆ ಹೋಗಿ ರಜ್ಜ ಸಮಯಲ್ಲೇ ಅವನ ಸುರುವಾಣ ಪದ ಬರದಾತು. ಪ್ರೀತಿಯ ಕೂಸಿನ ಕಳಕ್ಕೊಂಡವನ ಪದ ಅದು. ಕೂಸು ಹೇಳಿ ಬರದ್ದ°, ಆದರೆ ಹದಿನಾಲ್ಕು ವರ್ಷದ ಮಾಣಿ ಕಳಕ್ಕೊಂಡದು ಆರ ಹೇಳಿ ನಾವು ಅರ್ಥ ಮಾಡಿಗೊಂಬಲಕ್ಕು.

ಎನ್ನ ಅತ್ಯಂತ ಪ್ರೀತಿಯ ಪದ 'ಯೆಸ್ಟರ್‌ಡೇ' ಇದರ ಮತ್ತೆ ಬಂದದು. ಲಂಡನಿನ ಒಂದು ಮನೆಲಿ ಒರಗಿದಲ್ಲಿಗೇ, ಕನಸಿಲಿ ಪಾಲ್‌ಗೆ ಇದರ ರಾಗ ಪೂರ್ತಿ ಬಂತಡ. ಎದ್ದು ಪಿಯಾನೊಲ್ಲಿ ಬಾರಿಸಿ ನೋಡಿದ°. ಇಷ್ಟು ಸುಲಾಬಲ್ಲಿ ಬಂದರೆ ಆರದ್ದೋ ಕದ್ದದಾಯಿಕ್ಕು ಹೇಳಿ ಹೆದರಿ, ಸಿಕ್ಕಿದವರ ಹತ್ತರೆ ಪೂರಾ 'ಈ ರಾಗ ಕೇಳಿದ್ದಿರಾ' ಹೇಳಿ ಕೇಳಿಗೊಂಡು ಹೋದ°. ಶಬ್ದ ಸಿಕ್ಕದ್ದೆ ಸುಮಾರು ತಿಂಗಳು ಮೊಟ್ಟೆ ಕಲಕ್ಕಿ ಮಾಡುವ ತಿಂಡಿಯ ಹೆಸರು ಹಾಕಿ ಹಾಡಿಗೊಂಡಿತ್ತಿದ್ದ°! ಅತ್ತೆಗೆ ಇದರ ಹೇಳಿದಪ್ಪಗ, 'ರಾಮ ರಾಮ, ಅಷ್ಟು ಚೆಂದದ ರಾಗಕ್ಕೆ ಮೊಟ್ಟೆಯಾ' ಹೇಳಿ ಮೋರೆ ಒಂದು ಹಾಂಗೆ ಮಾಡಿದವು.

1965 ಜೂನ್ 14ಕ್ಕೆ ರೆಕಾರ್ಡು ಆತು. ಒಳುದ ಮೂರು ಜೆನ ಇದರಲ್ಲಿ ಇಲ್ಲೆ. ಪಾಲ್‌ನ ಸ್ವರ, ಒಂದು ಗಿಟಾರು, ಮತ್ತೆ ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೋ. ಆ ಪಿಟೀಲಿನವರ ಸೇರ್ಸುವ ಯೋಚನೆ ಜಾರ್ಜ್ ಮಾರ್ಟಿನ್ ಹೇಳ್ತ ಅವರ ರೆಕಾರ್ಡಿಂಗ್ ಗುರುವಿಂದು. ಎರಡೇ ನಿಮಿಷದ ಪದ. ನಿನ್ನೆವರೆಗೆ ಎಲ್ಲ ಸರಿ ಇದ್ದತ್ತು, ಅದು ಎಂತಕೆ ಬಿಟ್ಟು ಹೋತು ಹೇಳಿ ಗೊಂತಿಲ್ಲೆ, ಹೇಳದ್ದೆ ಹೋತು, ಹೇಳ್ತ ಭಾವ. ಜೆನ ಪೂರಾ ಪ್ರೀತಿಸಿದ ಕೂಸಿನ ಪದ ಹೇಳಿ ಕೇಳಿದವು. ಬರದ ಪಾಲ್ ಕೂಡಾ ಹಾಂಗೇ ಗ್ರೇಶಿತ್ತಿದ್ದ°. ಎಷ್ಟೋ ವರ್ಷದ ಮೇಲೆ, ಇದು ಅಬ್ಬೆಯ ಬಗ್ಗೆಯೇ ಆಗಿಕ್ಕು ಹೇಳಿ ಅವಂಗೇ ಕಂಡತ್ತಡ. ಇದರ ತಿಳುದ ಮೇಲೆ ಒಂದರಿ ಕೇಳಿ ನೋಡಿ. ಹೇಳದ್ದೆ ಹೋದ ಅಬ್ಬೆ, ತೆಗದು ಮಡುಗಿದ ಶಾಲೆ ವಸ್ತ್ರ. ಎನಗಂತೂ ಈಗ ಬೇರೆ ಹಾಂಗೆ ಕೇಳ್ಲೇ ಎಡಿತ್ತಿಲ್ಲೆ.

'ಲೆಟ್ ಇಟ್ ಬಿ' ಪದಲ್ಲಿ ಮೇರಿಯ ಹೆಸರೇ ಇದ್ದು. 1968ರ ಹೊತ್ತಿಂಗೆ ನಾಲ್ಕು ಜೆನರ ನಡುವೆ ಜಗಳ ಸುರುವಾಗಿತ್ತು. ಒಟ್ಟುಕುಟುಂಬಲ್ಲಿ ಪಾಲಿಂಗೆ ಮದಲು ಆವುತ್ತಲ್ಲದಾ, ಹಾಂಗೆ. ಪಾಲ್‌ಗೆ ಒರಕ್ಕಿಲ್ಲೆ, ಮನಸ್ಸಿಂಗೆ ನೆಮ್ಮದಿ ಇಲ್ಲೆ. ಅಷ್ಟಪ್ಪಗ ಒಂದಿನ ಕನಸಿಲಿ ಅಬ್ಬೆ ಬಂತು. ತೀರಿಹೋಗಿ ಹನ್ನೆರಡು ವರ್ಷ ಆಗಿತ್ತು. ಎಲ್ಲ ಸರಿ ಆವುತ್ತು, ಅದರಷ್ಟಕ್ಕೆ ಬಿಡು ಹೇಳ್ತ ಹಾಂಗೆ ಸಮದಾನ ಮಾಡಿಕ್ಕಿ ಹೋತು. ಎದ್ದಿಕ್ಕಿ ಪಾಲ್ ಪಿಯಾನೊ ಎದುರು ಕೂದ°. ಜೆನಂಗೊ ಇದರ ಏಸುವಿನ ಅಬ್ಬೆ ಮೇರಿಯ ಪದ ಹೇಳಿ ಗ್ರೇಶುತ್ತವು. ಹಾಂಗೆ ಗ್ರೇಶಿರೂ ಅಡ್ಡಿ ಇಲ್ಲೆ ಹೇಳಿ ಪಾಲ್ ಹೇಳಿದ್ದ°. ಆದರೆ ಆ ಮೇರಿ ಸೈಕಲಿಲಿ ಹೋಗಿಗೊಂಡಿದ್ದ ನರ್ಸು. 1970 ಮಾರ್ಚಿಲಿ ಈ ಪದ ಹೆರ ಬಂತು. ಮುಂದಾಣ ತಿಂಗಳು ಬೀಟಲ್ಸ್ ಮುಗುದತ್ತು ಹೇಳಿ ಊರಿಂಗೇ ಗೊಂತಾತು.

ಇಲ್ಲಿ ಒಂದು ಮನೆ ಸುದ್ದಿ ಹೇಳದ್ದೆ ಮುಂದೆ ಹೋಪಲೆ ಮನಸ್ಸು ಬತ್ತಿಲ್ಲೆ. ಎನ್ನ ದೊಡ್ಡಮ್ಮಂಗೆ ಎದೆಲಿ ಗೆಂಟು ಇಪ್ಪದು ಗೊಂತಾಗಿ ಏಳು ತಿಂಗಳು ಆರಿಂಗೂ ಹೇಳಿತ್ತಿದ್ದವಿಲ್ಲೆ. ಪುಳ್ಳಿಯ ಉಪನಯನ ಕಳಿಯಲಿ ಹೇಳಿ. ಉಪನಯನ ಕಳುತ್ತು, ಮಳೆಗಾಲದ ಉಪ್ಪಿನಕಾಯಿ ಹಾಕಿ ಆತು, ಭರಣಿಗೆ ವಸ್ತ್ರ ಕಟ್ಟಿ ಆತು, ಮತ್ತೆ ಹೇಳಿದವು. ಅವು ಹೋದ ಮೇಲೆ ಎಂಗೊ ಆ ಉಪ್ಪಿನಕಾಯಿಯ ಒಂದು ವರ್ಷ ಉಂಡಿದೆಯೊ°. ಮೇರಿ ವಸ್ತ್ರ ತೆಗದು ಮಡುಗಿದ್ದರ ಓದುವಗ ಎನಗೆ ಆ ಭರಣಿ ಕಣ್ಣಿಂಗೆ ಕಂಡತ್ತು. ಲಿವರ್‌ಪೂಲಾದರೂ ನಮ್ಮ ಊರಾದರೂ ನಮ್ಮ ಕ್ರಮ ಒಂದೇ. ನಮ್ಮ ಬೇನೆ ಅಖೇರಿಗೆ. ಇದರ ಓದುವ ಅಕ್ಕಂದ್ರು, ಅತ್ತಿಗೆಕ್ಕೊ, ಹಾಂಗೆ ಎಂತಾರು ಮುಚ್ಚಿ ಮಡುಗಿದ್ದರೆ ಹಪ್ಪಳ, ಉಪನಯನ ಎಲ್ಲ ಬದಿಂಗೆ ಮಡುಗಿ ಮದಲು ಡಾಕ್ಟ್ರಕ್ಕಗೆ ತೋರುಸಿ. ಪದದ ಸುದ್ದಿ ಮತ್ತೆ ಓದಿ.

ಇನ್ನು ಜಾನ್‌ನ ಕತೆ. ಅವಂಗೆ ಅಬ್ಬೆಯ ಜಾಗೆಲಿ ಇಬ್ರು. ಹೆತ್ತದು ಜೂಲಿಯಾ, ಸಾಂಕಿದ್ದು ಜೂಲಿಯಾನ ದೊಡ್ಡಕ್ಕ ಮಿಮಿ. ಅಪ್ಪ° ಹಡಗಿನ ಕೆಲಸಕ್ಕೆ ಹೋದವ°, ಮನೆಗೆ ಬಂದರೆ ಬಂದ°. ಜೂಲಿಯಾ ಬೇರೊಬ್ಬನ ಒಟ್ಟಿಂಗೆ ಸಂಸಾರ ಮಾಡಿತ್ತು. ಜಾನ್ ಐದು ವರ್ಷದವ° ಇಪ್ಪಗಳೇ ಮಿಮಿ ದೊಡ್ಡಮ್ಮನ ಮನಗೆ ಬಂದ°. ಆ ಮನೆಗೆ 'ಮೆಂಡಿಪ್ಸ್' ಹೇಳಿ ಹೆಸರು. ಮಿಮಿ ಶಿಸ್ತಿನ ಹೆಮ್ಮಕ್ಕೊ. ಉಂಬಲೆ, ಓದುಲೆ, ಮಾತಿಂಗೆ, ಎಲ್ಲದಕ್ಕೂ ಒಂದು ಕ್ರಮ. ಜೂಲಿಯಾ ಅದರ ತಿರುಗ, ನೆಗೆ ಮಾಡಿಗೊಂಡು, ಪದ ಹೇಳಿಗೊಂಡು ಇಪ್ಪ ಜೆನ. ಮನೆ ಹತ್ತರೆಯೇ ಇದ್ದ ಕಾರಣ ಜಾನ್ ದೊಡ್ಡ ಅಪ್ಪಗ ಅಲ್ಲಿಗೆ ಹೋಪಲೆ ಸುರು ಮಾಡಿದ°.

ಜೂಲಿಯಾಂಗೆ ಬ್ಯಾಂಜೋ ಬಾರಿಸುಲೆ ಬಂದುಗೊಂಡಿದ್ದತ್ತು. ಮಗಂಗೆ ಕಲಿಶಿತ್ತು. 1957ಲ್ಲಿ ಅವಂಗೆ ಸುರುವಾಣ ಗಿಟಾರು ಬಂದದೂ ಜೂಲಿಯಾನ ಮನೆಗೇ. ಮಿಮಿಗೆ ಗೊಂತಪ್ಪಲಾಗಲ್ಲದಾ! ಅಬ್ಬೆಗೆ ಗೊಂತಿದ್ದದು ಬ್ಯಾಂಜೋದ ಬೆರಳು ಹಿಡಿವ ಕ್ರಮ, ಹಾಂಗಾಗಿ ಜಾನ್ ಗಿಟಾರನ್ನೇ ಬ್ಯಾಂಜೋದ ಹಾಂಗೆ ಶ್ರುತಿ ಮಾಡಿಗೊಂಡು ಕಲ್ತ°. ಮಿಮಿಯ ಮನೆಲಿ ಬಾರಿಸೆಕ್ಕಾರೆ ಹೆರಾಣ ಗಾಜಿನ ಜೆಗುಲಿಗೆ ಹೋಯೆಕ್ಕು. ಗಿಟಾರಿಂದ ಹೊಟ್ಟೆ ತುಂಬ ಹೇಳುದು ಮಿಮಿಯ ವಾದ. ಅದನ್ನೂ ತಪ್ಪು ಹೇಳ್ಲೆಡಿಯ. ನಮ್ಮ ಮಕ್ಕೊ ಯಕ್ಷಗಾನಕ್ಕೆ ಹೋವುತ್ತೆ ಹೇಳಿರೆ ನಾವು ಹೇಳುದು ಎಂತ?

1957 ಜುಲೈ 6ಕ್ಕೆ ವೂಲ್ಟನಿನ ಸೈಂಟ್ ಪೀಟರ್ ಇಗರ್ಜಿಯ ಜಾತ್ರೆಲಿ ಜಾನ್ ಪದ ಹೇಳಿದ°. ಅಲ್ಲಿಗೆ ಪಾಲ್ ಬಂದಿತ್ತಿದ್ದ°, ಅಲ್ಲಿಯೇ ಇಬ್ರ ಗುರ್ತ ಆದ್ದು. ಒಂದು ವರ್ಷ ಕಳುದು, 1958 ಜುಲೈ 15ರ ಹೊತ್ತೋಪಗ, ಜೂಲಿಯಾ ಮಿಮಿಯ ಮನೆಂದ ಮಾತಾಡಿಕ್ಕಿ ಹೆರಟದು ಮಾರ್ಗ ದಾಂಟುವಗ ಕಾರು ಬಡುದು ಅಲ್ಲಿಯೇ ಹೋತು. ಜಾನ್‌ಗೆ 17 ವರ್ಷ. ಮತ್ತೆ ಈ ಇಬ್ರು ಮಾಣಿಯಂಗೊ ಪಾಲ್‌ನ ಮನೆಯ ಎದುರಾಣ ಕೋಣೆಲಿ, ಜಿಮ್ ಕೆಲಸಕ್ಕೆ ಹೋದ ಹೊತ್ತಿಲಿ, ಎದುರೆದುರು ಕೂದೊಂಡು ಪದ ಬರದವು. ಇಬ್ರಿಂಗೂ ಅಬ್ಬೆ ಇಲ್ಲೆ. ಇವರ ಜೋಡಿ ಅಷ್ಟು ಗಟ್ಟಿ ಆದ್ದು ಹೇಂಗೆ ಹೇಳಿ ಕೇಳಿರೆ ಎನಗೆ ಮದಲು ನೆಂಪಪ್ಪದು ಇದು.

'ಜೂಲಿಯಾ' ಹೇಳ್ತ ಪದ ಬಂದದು ಅಬ್ಬೆ ಹೋಗಿ ಹತ್ತು ವರ್ಷ ಆದಮೇಲೆ. 1968ರ ಸುರುವಿಲಿ ನಾಲ್ಕು ಜೆನವೂ ಋಷಿಕೇಶಕ್ಕೆ, ಮಹರ್ಷಿ ಮಹೇಶ ಯೋಗಿಯ ಆಶ್ರಮಕ್ಕೆ ಬಂದಿತ್ತಿದ್ದವು. ಅಲ್ಲಿಗೆ ಬಂದ ಡೊನೊವನ್ ಹೇಳ್ತ ಹಾಡುಗಾರ° ಬೆರಳಿಲಿ ಒಂದೊಂದೇ ತಂತಿ ಮೀಂಟುವ ಕ್ರಮವ ಜಾನ್‌ಗೆ ಹೇಳಿಕೊಟ್ಟ°. ಆ ಕ್ರಮಲ್ಲಿ ಮಾಡಿದ ಪದ ಇದು. ಬೀಟಲ್ಸ್‌ನ ಅಷ್ಟೂ ಪದಂಗಳಲ್ಲಿ ಜಾನ್ ಒಬ್ಬನೇ ಇಪ್ಪದು ಇದರಲ್ಲಿ ಮಾಂತ್ರ. ಖಲೀಲ್ ಗಿಬ್ರಾನನ ಒಂದು ಮಾತಿನ ರಜಾ ಬದಲ್ಸಿ ಸುರು ಮಾಡ್ತ°. ಮತ್ತೆ ಅಬ್ಬೆಯ ಹೆಸರನ್ನೇ ಪುನಃ ಪುನಃ ಹೇಳ್ತ°. ಒಟ್ಟಿಂಗೆ ಅವ° ಹೊಸತ್ತಾಗಿ ಪ್ರೀತಿಸಿದ ಯೋಕೋನ ಹೆಸರಿನ ಅರ್ಥವನ್ನೂ ಸೇರ್ಸಿದ್ದ°. ಸಭೆಲಿ ಮಾತಿಲಿ ಎಲ್ಲೋರ ಚುಚ್ಚುವ ಜೆನ ಜಾನ್. ಈ ಪದಲ್ಲಿ ಅವನ ಸ್ವರ ಒರಕ್ಕು ಹಿಡಿವ ಮಕ್ಕಳ ಸ್ವರದ ಹಾಂಗೆ ಇದ್ದು. ಇರುಳು ಎಲ್ಲೋರು ಒರಗಿದ ಮತ್ತೆ ಕೇಳೆಕ್ಕಾದ್ದು.

ಮಿಮಿಯ ಬಿಡ್ಲಾಗ. 1965ಲ್ಲಿ ಜಾನ್ ದೊಡ್ಡಮ್ಮಂಗೆ ಪೂಲ್ ಹೇಳ್ತ ಊರಿಲಿ, ನೀರಿನ ಕರೆಲಿ ಮನೆ ತೆಗದು ಕೊಟ್ಟ°. ರಾಣಿ ಕೊಟ್ಟ ಪದಕವನ್ನೂ ದೊಡ್ಡಮ್ಮನ ಕೈಲೇ ಕೊಟ್ಟ°. ಮಿಮಿ ಅದರ ಟಿವಿಯ ಮೇಲೆ ಮಡಿಕ್ಕೊಂಡಿದ್ದತ್ತು. 1969ಲ್ಲಿ ಯುದ್ಧವ ವಿರೋಧಿಸಿ ಪದಕವ ವಾಪಾಸು ಮಾಡ್ತೆ ಹೇಳಿ ತೆಕ್ಕೊಂಡು ಹೋದ°. ಟಿವಿ ಮೇಲೆ ಖಾಲಿ ಆದ ಆ ಜಾಗೆಯ ನೋಡಿಗೊಂಡು ಮಿಮಿ ಕೂದಿಕ್ಕು ಹೇಳಿ ಎನಗೆ ಒಳಂದ ಬೇಜಾರ.

ಜಾರ್ಜ್‌ನ ಅಬ್ಬೆ ಲೂಯಿಸ್. ಈ ಮನೆಲಿ ದುಃಖದ ಕತೆ ಇಲ್ಲೆ. ಅಪ್ಪ° ಬಸ್ಸಿನ ಡ್ರೈವರ°, ಪೈಸೆ ಕಮ್ಮಿ, ಕೊಶಿ ಜಾಸ್ತಿ. ಮಾಣಿ ಶಾಲೆಯ ಚೆಂಙಾಯಿಂದ ಹಳೆ ಗಿಟಾರು ತೆಗೆತ್ತೆ ಹೇಳಿಯಪ್ಪಗ ಪೈಸೆ ಕೊಟ್ಟದು ಅಬ್ಬೆ. ಬೆರಳು ಹರುದು ನೆತ್ತರು ಬಂದು, ಎನಗೆಡಿಯ ಹೇಳಿ ಕೂದಪ್ಪಗ, 'ಎಡಿಗು, ಇನ್ನೊಂದರಿ ನೋಡು' ಹೇಳ್ತ ಹಾಂಗೆ ಇರುಳು ಒಟ್ಟಿಂಗೆ ಒರಕ್ಕು ಬಿಟ್ಟು ಕೂದುಗೊಂಡಿದ್ದದೂ ಅಬ್ಬೆ. ಮಗ° ದೊಡ್ಡ ಹೆಸರು ಮಾಡಿದ ಮೇಲೆ ಅಭಿಮಾನಿಗಳ ಕಾಗದಕ್ಕೆ ಮನೆಲಿ ಕೂದು ಉತ್ತರ ಬರದ್ದು. ಅಬ್ಬೆಗೆ ಕ್ಯಾನ್ಸರ್ ಆದಪ್ಪಗ ಆಸ್ಪತ್ರೆಲಿ ನೋಡಿಕ್ಕಿ ಬಂದು ಜಾರ್ಜ್ ಬರದ ಪದ 'ಡೀಪ್ ಬ್ಲೂ'. ಅದು ಬೀಟಲ್ಸ್ ಒಡದ ಮೇಲಾಣದ್ದು, 1971ಲ್ಲಿ ಬಂತು.

ಜಾರ್ಜ್‌ನ ಪದ ಹೇಳುವಗ ನಮ್ಮ ಕರ್ನಾಟಕದ ಸುದ್ದಿದೇ ಬತ್ತು, ಕೇಳಿ. 1965 ಅಕ್ಟೋಬರಿಲಿ 'ನಾರ್ವೇಜಿಯನ್ ವುಡ್' ಪದಕ್ಕೆ ಜಾರ್ಜ್ ಸಿತಾರ ಬಾರಿಸಿದ°. ಅಂಬಗ ಅವಂಗೆ ಸರೀ ಹಿಡಿವಲೂ ಗೊಂತಿತ್ತಿಲ್ಲೆ. ಬಾರಿಸುವಗ ತಂತಿ ತುಂಡಾತು. ಲಂಡನಿಲಿ ಸಿತಾರದ ತಂತಿ ಎಲ್ಲಿ ಸಿಕ್ಕುತ್ತು? ಅಲ್ಲಿ 'ಏಶಿಯನ್ ಮ್ಯೂಸಿಕ್ ಸರ್ಕಲ್' ಹೇಳಿ ಒಂದು ಸಂಘ ಇದ್ದತ್ತು. ಅದರ 1946ಲ್ಲಿ ಸುರು ಮಾಡಿದ್ದು ಅಯನ ಅಂಗಡಿ, ನಮ್ಮ ಉತ್ತರ ಕರ್ನಾಟಕಂದ ಹೋದವು, ಮತ್ತೆ ಅವರ ಹೆಂಡತಿ, ಚಿತ್ರ ಬರವ ಪೆಟ್ರೀಶಿಯಾ. ಅವಕ್ಕೆ ಫೋನು ಹೋತು. ಅವರ ಮನೆಲಿ ತಂತಿ ಇದ್ದತ್ತು. ಗೆಂಡ, ಹೆಂಡತಿ, ಮಕ್ಕೊ ಎಲ್ಲೋರು ಒಟ್ಟಿಂಗೆ ತಂತಿ ಹಿಡ್ಕೊಂಡು ಸ್ಟುಡಿಯೋಗೆ ಹೋಗಿ ಕೊಟ್ಟು, ಬಾರಿಸುದರನ್ನೂ ನೋಡಿಕ್ಕಿ ಬಂದವು. ನೆರೆಕರೆಲಿ ಒಗ್ಗರಣೆಗೆ ಬೇನ್ಸೊಪ್ಪು ಕೇಳಿದ ಹಾಂಗೆ! ಮರುವರ್ಷ ಜಾರ್ಜ್‌ಗೆ ರವಿಶಂಕರ್ ಗುರ್ತ ಆದ್ದೂ ಇವರ ಮನೆಲಿಯೇ. ಮತ್ತೆ ಜಾರ್ಜ್ ಭಾರತಕ್ಕೆ ಬಂದು ಅವರ ಹತ್ತರೆ ಕಲ್ತ°. 1968 ಜನವರಿಲಿ ಬೊಂಬಾಯಿಲಿ ನಮ್ಮ ದೇಶದ ವಾದ್ಯದವರ ಕೂರ್ಸಿ 'ದಿ ಇನ್ನರ್ ಲೈಟ್' ಪದಕ್ಕೆ ಸಂಗೀತ ಮಾಡ್ಸಿದ°. ಇಂಗ್ಲಿಷ್ ಪದ ಕೇಳಿ ಅಭ್ಯಾಸ ಇಲ್ಲದ್ದವು ಇದರಿಂದಲೇ ಸುರು ಮಾಡ್ಲಕ್ಕು. ಕೆಮಿಗೆ ಹೊಸತ್ತು ಹೇಳಿ ಕಾಣ.

ರಿಂಗೋನ ಅಬ್ಬೆ ಎಲ್ಸಿ. ಗೆಂಡ° ಬಿಟ್ಟುಹೋಗಿ, ಬಾರಿಲಿ ಕೆಲಸ ಮಾಡಿ ಒಬ್ಬನೇ ಮಗನ ಸಾಂಕಿದ್ದು. ಮಾಣಿಗೆ ಆರು ವರ್ಷಲ್ಲಿ ಹೊಟ್ಟೆಯ ದೊಡ್ಡ ಸಂಕಟ, ಹದಿಮೂರಲ್ಲಿ ಕ್ಷಯ. ಬದುಕ° ಹೇಳಿ ಡಾಕ್ಟ್ರಕ್ಕೊ ಹೇಳಿದ್ದೂ ಇದ್ದು. ಶಾಲೆ ಹೋತು, ಆದರೆ ಆಸ್ಪತ್ರೆಲಿ ಮಕ್ಕೊಗೆ ಹೊತ್ತು ಹೋಪಲೆ ಹೇಳಿ ಮಾಡಿದ ವಾದ್ಯಮೇಳಲ್ಲಿ ಡ್ರಮ್ಮು ಬಾರಿಸುಲೆ ಸಿಕ್ಕಿತ್ತು. ಸಣ್ಣಾಗಿಪ್ಪಗಳೇ ಹೊಟ್ಟೆ ಹಾಳಾದ ಕಾರಣ ಋಷಿಕೇಶಕ್ಕೆ ಬಪ್ಪಗ ಒಂದು ಪೆಟ್ಟಿಗೆ ಬೇಯಿಸಿದ ಬೀನ್ಸಿನ ಡಬ್ಬಿ ತಂದಿತ್ತಿದ್ದ°! ಹತ್ತು ದಿನಲ್ಲಿ ಊರಿಂಗೆ ವಾಪಾಸು. ಪುಸ್ತಕಂಗಳಲ್ಲಿ ಇದರ ನೆಗೆ ಮಾಡುಲೆ ಬರೆತ್ತವು. ಪಥ್ಯದ ಮಕ್ಕಳ ಸಾಂಕಿದವಕ್ಕೆ ನೆಗೆ ಬಾರ.

ಇನ್ನೊಂದು ಅಬ್ಬೆ ಇದ್ದು, ಅದರ ಹೆಸರು ಮೋನಾ ಬೆಸ್ಟ್. ಹುಟ್ಟಿದ್ದು ನಮ್ಮ ಡೆಲ್ಲಿಲಿ, 1924ಲ್ಲಿ. ಯುದ್ಧ ಮುಗುದ ಮೇಲೆ ಗೆಂಡನ ಊರು ಲಿವರ್‌ಪೂಲಿಂಗೆ ಹೋತು. 1954ಲ್ಲಿ ಚಿನ್ನವ ಅಡವು ಮಡುಗಿ ಕುದುರೆ ರೇಸಿಲಿ ಪೈಸೆ ಹಾಕಿತ್ತಡ. ಆ ಕುದುರೆಯ ಹೆಸರು 'ನೆವರ್ ಸೇ ಡೈ', ಒಂದಕ್ಕೆ 33ರ ಲೆಕ್ಕ. ಗೆದ್ದತ್ತು! (ನಿಂಗೊ ಆರೂ ಮಾಡೆಡಿ.) ಆ ಗೆದ್ದ ಪೈಸೆಂದ ದೊಡ್ಡ ಹಳೆ ಮನೆ ತೆಗದತ್ತು. 1959 ಆಗಸ್ಟಿಲಿ ಮಕ್ಕೊಗೆ, ಅವರ ಚೆಂಙಾಯಿಗೊಕ್ಕೆ ಪದ ಹೇಳ್ಲೆ ಮನೆಯ ಅಡಿಯಾಣ ಕೋಣೆಗಳಲ್ಲಿ ಕಾಫಿ ಕ್ಲಬ್ಬು ಮಾಡಿತ್ತು. ಜಾನ್, ಪಾಲ್, ಜಾರ್ಜ್ ಅದರ ಗೋಡೆ ಮಾಡಿಂಗೆ ಬಣ್ಣ ಬಳುಗಿ, ಸುರುವಾಣ ದಿನ ಅಲ್ಲಿ ಹಾಡಿದವು. ಮತ್ತೆ ಮೋನಾನ ಮಗ° ಪೀಟ್ ಇವರ ಡ್ರಮ್ಮರ° ಆದ°. 1962 ಆಗಸ್ಟಿಲಿ, ಹೆಸರು ಬಪ್ಪಲೆ ಸುರುವಾದ ಹೊತ್ತಿಂಗೆ, ಅವನ ತೆಗದು ರಿಂಗೋನ ತಂದವು. ಆ ದಿನ ಮಗ° ಮನಗೆ ಬಂದು ಹೇಳುವಗ ಅಬ್ಬೆಗೆ ಹೇಂಗಾಗಿಕ್ಕು? ಆದರೂ 1967ಲ್ಲಿ 'ಸಾರ್ಜೆಂಟ್ ಪೆಪ್ಪರ್' ರೆಕಾರ್ಡಿನ ಪಟ ತೆಗವಲೆ ಜಾನ್ ಕೇಳಿಯಪ್ಪಗ ಅಪ್ಪನ ಮಿಲಿಟರಿ ಪದಕಂಗಳ ಕೊಟ್ಟತ್ತು. ಆ ಪಟಲ್ಲಿ ಜಾನ್ ಎದೆಗೆ ಹಾಕಿದ್ದು ಅದನ್ನೇ. ದೊಡ್ಡ ಮನಸ್ಸು.

ಹೀಂಗಿಪ್ಪ ಮನೆಗಳಲ್ಲಿ ಬೆಳದ ಕಾರಣ ಆಯಿಕ್ಕು, ಇವಕ್ಕೆ ಹೆಮ್ಮಕ್ಕೊ ಕಣ್ಣಿಂಗೆ ಕಾಂಬದು. 1966ರ 'ಎಲಿನಾರ್ ರಿಗ್ಬಿ' ಒಂದು ಒಬ್ಬಂಟಿ ಹೆಮ್ಮಕ್ಕಳ ಪದ. ಆರದ್ದೋ ಮದುವೆ ಕಳುದ ಇಗರ್ಜಿಲಿ ಬಿದ್ದ ಅಕ್ಕಿಕಾಳುಗಳ ಹೆರ್ಕುತ್ತು. ನಮ್ಮ ಮಂತ್ರಾಕ್ಷತೆಯ ಹಾಂಗೆ ಅಲ್ಲಿಯೂ ಮದಿಮ್ಮಾಯ ಮದಿಮ್ಮಾಳಿನ ಮೇಲೆ ಅಕ್ಕಿ ಹಾಕುವ ಕ್ರಮ. ಅಖೇರಿಗೆ ಸತ್ತಪ್ಪಗ ಆರೂ ಬತ್ತವಿಲ್ಲೆ. ಬೀಟಲ್ಸ್ ಆರೂ ವಾದ್ಯ ಮುಟ್ಟಿದ್ದವಿಲ್ಲೆ. ನಾಲ್ಕು ಪಿಟೀಲು, ಎರಡು ವಯೋಲಾ, ಎರಡು ಚೆಲ್ಲೋ, ಅಷ್ಟೇ. ಸಣ್ಣಾಗಿಪ್ಪಗ ಪಾಲ್ ಒಬ್ಬೊಬ್ಬನೇ ಇಪ್ಪ ಅಜ್ಜಿಯಕ್ಕೊಗೆ ಅಂಗಡಿ ಸಾಮಾನು ತಂದುಕೊಟ್ಟುಗೊಂಡು, ಅವರ ಮಾತು ಕೇಳಿಗೊಂಡು ಇತ್ತಿದ್ದ°. ಮಕ್ಕೊ ಪೂರಾ ಬೆಂಗಳೂರು, ಅಮೇರಿಕ ಸೇರಿ, ದೊಡ್ಡ ಮನೆಲಿ ಒಬ್ಬನೇ ದೀಪ ಹೊತ್ತುಸುವ ಅಜ್ಜಿಯಕ್ಕೊ ನಮ್ಮ ಊರಿಲಿ ಎಷ್ಟು ಜೆನ ಇದ್ದವು, ಲೆಕ್ಕ ಮಾಡಿ.

'ಶೀ ಇಸ್ ಲೀವಿಂಗ್ ಹೋಮ್' 1967 ಮಾರ್ಚಿಂದು. 17 ವರ್ಷದ ಕೂಸೊಂದು ಮನೆ ಬಿಟ್ಟು ಹೋದ ಸುದ್ದಿಯ ಪೇಪರಿಲಿ ಓದಿ ಪಾಲ್ ಸುರು ಮಾಡಿದ°. ಮೂರು ವರ್ಷ ಮದಲು ಒಂದು ಟಿವಿ ಸ್ಪರ್ಧೆಲಿ ಅದೇ ಕೂಸಿಂಗೆ ಅವನೇ ಬಹುಮಾನ ಕೊಟ್ಟಿತ್ತಿದ್ದ°, ಬರವಗ ಅವಂಗೆ ಅದು ಗೊಂತಿಲ್ಲೆ. ಪದಲ್ಲಿ ಕೂಸಿನ ಕತೆ ಪಾಲ್ ಹೇಳ್ತ°, ಎಡೆಲಿ ಅಬ್ಬೆ ಅಪ್ಪನ ಮಾತು ಜಾನ್ ಹಾಡ್ತ°. ಎಷ್ಟು ತ್ಯಾಗ ಮಾಡಿದೆಯೊ°, ಎಂತ ಕಮ್ಮಿ ಆತು ಹೇಳಿ. ಆ ಮಾತುಗಳ ಜಾನ್ ತಂದದು ಮಿಮಿಯ ಬಾಯಿಂದ. ಸಣ್ಣ ಪ್ರಾಯಲ್ಲಿ ಆನು ಈ ಪದವ ಕೂಸಿನ ಕಡೆಲಿ ನಿಂದು ಕೇಳಿತ್ತಿದ್ದೆ. ಈಗ ಎನ್ನ ಮಗಳೂ ದೊಡ್ಡ ಆತು, ಕೇಳುವಗ ಕಾಗದ ಹಿಡ್ಕೊಂಡು ಮೆಟ್ಲ ಹತ್ತರೆ ನಿಂದ ಅಬ್ಬೆ ಕಾಣ್ತು. ಪದ ಇಬ್ರನ್ನೂ ಬೈತ್ತಿಲ್ಲೆ. ಸುರುವಿಲಿ ಕೇಳುವ ಹಾರ್ಪಿನ ಬಾರಿಸಿದ್ದು ಶೀಲಾ ಬ್ರೋಂಬರ್ಗ್, ಬೀಟಲ್ಸ್ ರೆಕಾರ್ಡಿಲಿ ವಾದ್ಯ ಬಾರಿಸಿದ ಸುರುವಾಣ ಹೆಮ್ಮಕ್ಕೊ.

ಮತ್ತೆ 1968ರ 'ಲೇಡಿ ಮಡೋನಾ'. ಮಕ್ಕಳ ಹಿಡ್ಕೊಂಡ ಅಬ್ಬೆ ವಾರ ಪೂರಾ ತಿಂಗಳ ಖರ್ಚು ಹೇಂಗೆ ಸರಿದೂಗುಸುತ್ತು ಹೇಳ್ತ ಪದ. ಇದಕ್ಕೆ ಜಾಸ್ತಿ ಎಂತ ಹೇಳುದು, ಕಾಯಿ ಕೆರವಗ ಹಾಕಿ, ಕೈ ಅದರಷ್ಟಕ್ಕೆ ಜೋರು ಹೋವುತ್ತು.

ಫೋರ್ತ್‌ಲಿನ್ ರೋಡಿನ ಮನೆ, ಮಿಮಿಯ ಮೆಂಡಿಪ್ಸ್, ಎರಡನ್ನೂ ಈಗ ಅಲ್ಲಿಯ ನ್ಯಾಷನಲ್ ಟ್ರಸ್ಟ್ ಕಾಪಾಡ್ತಾ ಇದ್ದು. ಜೆನಂಗೊ ಹೋಗಿ ಅಡಿಗೆಕೋಣೆ ಪೂರಾ ನೋಡಿಕ್ಕಿ ಬತ್ತವು. ಅರಮನೆ, ಕೋಟೆ ಕಾಪಾಡುವಲ್ಲಿ ಎರಡು ಅಟ್ಟುಂಬೊಳವನ್ನೂ ಕಾಪಾಡಿದವನ್ನೆ, ಒಳ್ಳೆದಾತು ಹೇಳಿ ಕಂಡತ್ತು.

ಮರುದಿನ ಹಪ್ಪಳ ಒತ್ತುವಗ ಇಷ್ಟನ್ನೂ ಅತ್ತೆಗೆ ಹೇಳಿದೆ. ಮೇರಿ ವಸ್ತ್ರ ತೆಗದು ಮಡುಗಿದಲ್ಲಿಗೆ ಬಂದಪ್ಪಗ ಅವರ ಕೈ ನಿಂದತ್ತು. ಒಂದು ಮಾತೂ ಆಡಿದ್ದವಿಲ್ಲೆ. ಹಪ್ಪಳ ಪೂರಾ ಒಣಗ್ಲೆ ಹಾಕಿ ಆದ ಮೇಲೆ, ಕೈ ತೊಳಕ್ಕೊಂಡು ಬಂದು ಕೂದು ಹೇಳಿದವು: "ಆ ಮೇರಿಯ ಮಗನ ಪದ ಒಂದರಿ ಹಾಕು ಕೂಸೇ."